ಬಿರುಗಾಳಿಯ ಎಚ್ಚರಿಕೆಯೂ ದುಡಿಯುವವನ ಪಾಳಿಯೂ

(ಮಳೆಗಾಲಕ್ಕೆ ಮುನ್ನ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ನಿಂತು ದುಡಿದು, ಹೋಟೆಲಿನ ಬಾಗಿಲು ಎಳೆದ ಮೇಲೆ ಊಟವನ್ನೂ ಅವಸರದಲ್ಲಿ ಮುಗಿಸಿ ತಾವು ಇಲ್ಲಿಗೆ ಬಂದಿದ್ದೀರಿ. ಗಿರಣಿಗಳಲ್ಲಿ ದುಡಿದು ನಿವೃತ್ತರಾದ ಹಿರಿಯರೂ ಚಾಳಿನ ಮೆಟ್ಟಿಲಿಳಿದು ಬಂದಿದ್ದಾರೆ. ತಮ್ಮ ವೇಳೆ ಎಷ್ಟು ಅಮೂಲ್ಯವೆಂಬುದನ್ನು ಬಲ್ಲೆನಾದ್ದರಿಂದ, ಮಾತನ್ನು ಸುತ್ತಿ ಬಳಸಿ ಹೇಳುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಬಿರುಗಾಳಿಯ ವಿಷಯ. ಅದಕ್ಕೆ ಪತ್ರಿಕೆಯವರು ಚಂಡಮಾರುತ ಎನ್ನುತ್ತಾರೆ, ಇಲ್ಲಿಯ ಮೀನುಗಾರರು ತುಫಾನು ಎನ್ನುತ್ತಾರೆ. ಚೀನಾ, ಜಪಾನುಗಳ ಕಡಲಿನಲ್ಲಿ ಎದ್ದರೆ ಅದೇ ಟೈಫೂನು. ಅಮೆರಿಕದ ಕಡೆ ಎದ್ದರೆ ಹರಿಕೇನು. ಹೆಸರು ಬೇರೆಯಾದರೂ ಜಾತಿ ಒಂದೇ. ಬೆಚ್ಚಗಾದ ಕಡಲಿನ ಮೇಲೆ ಗಾಳಿಯ ಒತ್ತಡ ಕುಸಿದು, ಸುತ್ತಲಿನ ಗಾಳಿ ಸುಳಿಸುಳಿಯಾಗಿ ಅಲ್ಲಿಗೆ ನುಗ್ಗಿ, ಕಡಲಿನ ಆವಿಯನ್ನೇ ಉಂಡು ಕೊಬ್ಬುವ ಭೂತ ಅದು. ನಮ್ಮ ಅರಬ್ಬೀ ಸಮುದ್ರದಲ್ಲಿ ಅದಕ್ಕೆ ಎರಡು ಕಾಲ: ಮಳೆಗಾಲದ ಮುಂಚೆ ಮೇ, ಜೂನ್, ಮಳೆಗಾಲ ಕಳೆದ ಮೇಲೆ ಅಕ್ಟೋಬರದಿಂದ ಡಿಸೆಂಬರದವರೆಗೆ. ಈ ಸಮುದ್ರ ಈಗೀಗ ಹೆಚ್ಚು ಬಿಸಿಯಾಗುತ್ತಿದೆ, ಹಿಂದಿಗಿಂತ ಬಲವಾದ ಬಿರುಗಾಳಿಗಳು ಏಳುತ್ತಿವೆ ಎಂದು ಹವಾಮಾನ ಬಲ್ಲವರು ಹೇಳುತ್ತಾರೆ.

“ಇದು ಮೀನುಗಾರರ ಚಿಂತೆ, ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವ ನಮಗೇನು?” ಎಂದು ಕೆಲವರಿಗೆ ಅನಿಸಬಹುದು. ನಮಗೂ ಇದೆ. ಎಚ್ಚರಿಕೆ ಎಂಬುದಕ್ಕೆ ಮೂರು ಮೆಟ್ಟಿಲುಗಳಿವೆ. ಅದು ನಮ್ಮ ಕಿವಿಗೆ ಬೀಳಬೇಕು. ಬಿದ್ದದ್ದು ಅರ್ಥವಾಗಬೇಕು. ಅರ್ಥವಾದಂತೆ ನಡೆಯಲು ನಮ್ಮ ಕೈಯಲ್ಲಿ ಆಗಬೇಕು. ಮೊದಲನೆಯದನ್ನು ಸರಕಾರ ಬಹುಮಟ್ಟಿಗೆ ಮಾಡಿದೆ. ಎರಡನೆಯದು ಅರ್ಧ ಆಗಿದೆ. ಮೂರನೆಯದು ದುಡಿಯುವವನ ಪಾಲಿಗೆ ಇನ್ನೂ ಆಗಿಲ್ಲ. ಸಂಘದ ಕೆಲಸ ಇರುವುದು ಅಲ್ಲಿ.

ಸುದ್ದಿಯೇ ಇಲ್ಲದ ಕಾಲ ಹೇಗಿತ್ತು ಎಂಬುದಕ್ಕೆ ಈ ನಗರದ್ದೇ ಒಂದು ಕಥೆಯಿದೆ. 1947ರ ಜುಲೈ 17. ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಬೆಳಿಗ್ಗೆ ಭಾವುಚಾ ಧಕ್ಕೆಯಿಂದ ‘ರಾಮದಾಸ’ ಎಂಬ ಆಗಬೋಟು ರೇವಸಕ್ಕೆ ಹೊರಟಿತು. ಆಷಾಢದ ಅಮಾವಾಸ್ಯೆಗೆ ಊರು ಸೇರಬೇಕೆಂದು ಹೊರಟ ಜನ ಅದರಲ್ಲಿ ಕಿಕ್ಕಿರಿದಿದ್ದರು. ಮಳೆಗಾಳಿಗೆ ಸಿಕ್ಕಿ, ದೊಡ್ಡ ಅಲೆಯೊಂದಕ್ಕೆ ಅದು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಮುಳುಗಿ ಸತ್ತರು. ಹಡಗಿನಲ್ಲಿ ನಿಸ್ತಂತು ಯಂತ್ರವೇ ಇರಲಿಲ್ಲ. ಈಜಿ ದಡ ಸೇರಿದವರು ಬಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಮುಂಬಯಿಗೆ ಗೊತ್ತಾಯಿತು. ಅದು ಚಂಡಮಾರುತವಲ್ಲ, ಮಳೆಗಾಲದ ಕಡಲು, ಅಷ್ಟೇ. ಆದರೆ ಊರಿಗೆ ಹೊರಟ ಬಡವರು ಕಡಲಿನ ಬಾಯಿಗೆ ಬಿದ್ದದ್ದೂ, ಕೂಗು ದಡಕ್ಕೆ ಕೇಳಿಸದೆ ಹೋದದ್ದೂ ನಿಜ.

ಇಂದು ಆ ಸ್ಥಿತಿಯಿಲ್ಲ. ಆಕಾಶದಲ್ಲಿ ಉಪಗ್ರಹವಿದೆ, ದಡದಲ್ಲಿ ರಾಡಾರ್ ಇದೆ, ಎಲ್ಲರ ಕಿಸೆಯಲ್ಲೂ ಮೊಬೈಲು ಇದೆ. ಕಡಲಲ್ಲಿ ಸುಳಿ ಏಳುತ್ತಿದೆ ಎಂಬ ಸೂಚನೆ ಮೂರು ದಿನ ಮೊದಲೇ ಬರುತ್ತದೆ. ಎರಡು ದಿನ ಮೊದಲು ಚಂಡಮಾರುತದ ಜಾಗ್ರತೆ, ಒಂದು ದಿನ ಮೊದಲು ಎಚ್ಚರಿಕೆ, ಸುಮಾರು ಹನ್ನೆರಡು ತಾಸು ಮೊದಲು, ದಡ ಹತ್ತಿದ ಮೇಲೆ ಅದು ಎತ್ತ ಸಾಗುತ್ತದೆ ಎಂಬ ಮಾಹಿತಿ — ಹೀಗೆ ಹಂತಹಂತವಾಗಿ ಹವಾಮಾನ ಇಲಾಖೆ ಹೇಳುತ್ತದೆ. ಇದರಿಂದ ಎಷ್ಟು ಜೀವ ಉಳಿಯುತ್ತದೆ ಎಂಬುದಕ್ಕೆ ಒಡಿಶಾವೇ ಸಾಕ್ಷಿ. 1999ರ ಅಕ್ಟೋಬರದ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರದಲ್ಲಿ ‘ಫೈಲಿನ್’ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಕ್ಕೆ ಒಯ್ದರು. ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಹಾಗಾಗಿ “ಹವಾಮಾನದವರು ಹೇಳಿದ್ದು ಯಾವಾಗ ನಿಜವಾಗಿದೆ?” ಎಂದು ನಗುವ ಹಳೆಯ ಚಾಳಿಯನ್ನು ನಾವು ಬಿಡಬೇಕು.

ಇನ್ನು ಎರಡನೆಯ ಮೆಟ್ಟಿಲು, ಅರ್ಥವಾಗುವುದು. ಅದೇ 2013ರ ನವೆಂಬರ್ 8ರಂದು ಫಿಲಿಪ್ಪೀನ್ಸ್ ದೇಶಕ್ಕೆ ‘ಹೈಯಾನ್’ ಎಂಬ ಟೈಫೂನು ಬಂತು. ಎಚ್ಚರಿಕೆ ಕೊಟ್ಟಿರಲಿಲ್ಲವೇ? ಕೊಟ್ಟಿದ್ದರು. ಕಡಲು ಏರಿ ಬರುತ್ತದೆ ಎಂಬುದನ್ನೂ ಹೇಳಿದ್ದರು. ಆದರೆ ಹೇಳಿದ್ದು ಶಾಸ್ತ್ರದ ಇಂಗ್ಲಿಷ್ ಶಬ್ದದಲ್ಲಿ. ದೊಡ್ಡ ಗಾಳಿಮಳೆ ಇರಬಹುದು ಎಂದುಕೊಂಡು ಜನ ಮನೆಯಲ್ಲೇ ಕುಳಿತರು. ತಕ್ಲೋಬಾನ್ ಪಟ್ಟಣದೊಳಗೆ ಕಡಲು ನುಗ್ಗಿತು. ಆ ದೇಶದಲ್ಲಿ ಒಟ್ಟು ಆರು ಸಾವಿರಕ್ಕೂ ಹೆಚ್ಚು ಜನ ಹೋದರು. “ಸುನಾಮಿ ಎಂದಿದ್ದರೆ ಓಡಿಹೋಗುತ್ತಿದ್ದೆವು” ಎಂದು ಉಳಿದವರು ಆಮೇಲೆ ಹೇಳಿದರು. ಒಂದು ಶಬ್ದ ತಿಳಿಯದೆ ಹೋದದ್ದಕ್ಕೆ ಎಂಥ ಬೆಲೆ ತೆರಬೇಕಾಯಿತು ನೋಡಿ.

ಈಗ ನಮ್ಮಲ್ಲಿಗೆ ಬನ್ನಿ. ಮುಂಬಯಿಯಲ್ಲಿ ಎಚ್ಚರಿಕೆ ಬರುವುದು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಮೊನ್ನೆ ಮೊನ್ನೆ ಕುಂದಾಪುರದ ಕಡೆಯಿಂದಲೋ ಕಾಸರಗೋಡಿನ ಕಡೆಯಿಂದಲೋ ಬಂದು ಟೇಬಲ್ ಒರೆಸುವ ಹುಡುಗನಿಗೆ ಅದನ್ನು ಕನ್ನಡದಲ್ಲಿ ಹೇಳುವವರು ಯಾರು? ಹೇಳಬೇಕಾದವರು ನಾವೇ. ಆದ್ದರಿಂದ ನಾಲ್ಕು ಮಾತುಗಳನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ. ಕೇಳಿದವರು ಕೇಳದವರಿಗೆ ಹೇಳಿರಿ.

ಒಂದು, ಬಣ್ಣ. ಹಸಿರು ಎಂದರೆ ಭಯವಿಲ್ಲ. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಯೋಚಿಸುತ್ತ ಕೂಡುವ ವೇಳೆಯಲ್ಲ, ಮಾಡಬೇಕಾದ್ದನ್ನು ಮಾಡಿ.

ಎರಡು, ಬಂದರಿನ ಸಂಕೇತ. ಬಂದರುಗಳಲ್ಲಿ 1ರಿಂದ 11ರವರೆಗಿನ ಅಂಕೆಗಳ ಸಂಕೇತ ಏರಿಸುತ್ತಾರೆ. 1 ಮತ್ತು 2 ಎಂದರೆ ಬಿರುಗಾಳಿ ದೂರ ಕಡಲಲ್ಲಿದೆ. 3 ಮತ್ತು 4 ಎಂದರೆ ಈ ಬಂದರಿಗೇ ಅದರ ಬಾಧೆ ತಟ್ಟಬಹುದು. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. 11 ಎಂದರೆ ಹವಾಮಾನ ಕಚೇರಿಯೊಡನೆ ಸಂಪರ್ಕವೇ ಕಡಿದಿದೆ ಎಂದು. ಕೋಳೀವಾಡಗಳ ಪಕ್ಕದಲ್ಲಿ ಬಿಡಾರ ಮಾಡಿದವರು ಇದನ್ನು ನೆನಪಿಡಬೇಕು.

ಮೂರು, ಕಡಲಿನ ಭರತ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಮಳೆಗಾಲದಲ್ಲಿ, ಮುಂಬಯಿಯ ಭರತ ನಾಲ್ಕೂವರೆ ಮೀಟರಿಗೂ ಮೇಲೆ ಏರುವ ದಿನಗಳಿವೆ. ನಗರದ ಮಳೆನೀರು ಹರಿದು ಸೇರಬೇಕಾದ್ದು ಕಡಲಿಗೆ. ಕಡಲೇ ಮೇಲಿದ್ದಾಗ ಮೋರಿಯ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ಹಿಂದಮಾತಾ, ಕಿಂಗ್ಸ್ ಸರ್ಕಲ್, ಸಾಯನ್, ಅಂಧೇರಿಯ ಸಬ್‌ವೇ, ಮಿಠಿ ನದಿಯ ದಂಡೆಯ ಕುರ್ಲಾಗಳಲ್ಲಿ ಮೊಣಕಾಲಿನಿಂದ ಎದೆಯವರೆಗೆ ನೀರು. ಪಂಪು ಹಾಕಿ ನೀರೆತ್ತುವ ಠಾಣೆಗಳನ್ನು ನಗರಪಾಲಿಕೆ ಕಟ್ಟಿದೆ ನಿಜ. ಆದರೂ ಬಿರುಗಾಳಿ, ಜಡಿಮಳೆ, ಭರತ ಮೂರೂ ಕೂಡಿದ ದಿನ ತಗ್ಗಿನಲ್ಲಿರುವವನು ಮೇಲಕ್ಕೆ ಹೋಗುವುದೇ ಲೇಸು. ಭರತದ ದಿನಗಳ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆಯೇ ಪ್ರಕಟಿಸುತ್ತಾರೆ. ಅದನ್ನು ಗಲ್ಲೆಯ ಹತ್ತಿರ ಅಂಟಿಸಿದರೆ ಯಾರಿಗೇನು ನಷ್ಟ?

ನಾಲ್ಕು, ಬಿರುಗಾಳಿಯ ಕಣ್ಣು. ಸುಳಿಯ ನಡುವೆ ಗಾಳಿಯಿಲ್ಲದ ಜಾಗವೊಂದು ಇರುತ್ತದೆ. ಅದು ತಲೆಯ ಮೇಲೆ ಬಂದಾಗ ಎಲ್ಲವೂ ತಣ್ಣಗಾಗುತ್ತದೆ. “ನಿಂತಿತು” ಎಂದು ಹೊರಗೆ ಬಂದಿರೋ, ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಗಾಳಿ ಅಷ್ಟೇ ಬಿರುಸಾಗಿ ಹೊಡೆಯುತ್ತದೆ. ಸರಕಾರ ಹೇಳುವ ತನಕ ಹೊರಗೆ ಬರಬಾರದು.

ಬಂಧುಗಳೆ, “ಮುಂಬಯಿಯನ್ನು ಮುಂಬಾದೇವಿ ಕಾಯುತ್ತಾಳೆ, ಬಿರುಗಾಳಿ ಇಲ್ಲಿಗೆ ಬರುವುದಿಲ್ಲ” ಎಂಬ ನಂಬಿಕೆ ಉಂಟು. ಕಾಯಲಿ, ಬೇಡವೆನ್ನುವವರಾರು! ಆದರೆ 2020ರ ಜೂನ್ 3ರಂದು ‘ನಿಸರ್ಗ’ ಬಂತಲ್ಲ, ಮುಂಬಯಿಯನ್ನು ಬಿಟ್ಟು ಸ್ವಲ್ಪ ದಕ್ಷಿಣಕ್ಕೆ ಅಲಿಬಾಗಿನ ಸಮೀಪ ದಡ ಹತ್ತಿತು. ನಮಗೆ ತಪ್ಪಿದ್ದು ರಾಯಗಡ ಜಿಲ್ಲೆಯವರಿಗೆ ತಟ್ಟಿತು. ಶ್ರೀವರ್ಧನ, ಮುರುಡಗಳಲ್ಲಿ ಎಷ್ಟೋ ವರ್ಷಗಳಿಂದ ಬೆಳೆಸಿದ ತೆಂಗು, ಅಡಿಕೆ ತೋಟಗಳು ನೆಲ ಕಚ್ಚಿದವು. ಊರಿನಲ್ಲಿ ತೋಟವಿರುವ ನಮ್ಮವರಿಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ, 2021ರ ಮೇ ತಿಂಗಳಲ್ಲಿ ಬಂದದ್ದು ‘ತೌಕ್ತೆ’. ಆ ಹೆಸರನ್ನು ಕೊಟ್ಟವರು ಮ್ಯಾನ್ಮಾರಿನವರು. ಅವರ ಮಾತಿನಲ್ಲಿ ಅದು ಒಂದು ಬಗೆಯ ಹಲ್ಲಿ, ಜೋರಾಗಿ ಕೂಗುವಂಥದ್ದು. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವವರು ನಾವು. ಈ ಹಲ್ಲಿ ಲಕ್ಷದ್ವೀಪದ ಹತ್ತಿರ ಎದ್ದು, ಕೇರಳದ ಕರಾವಳಿಯನ್ನು ಸವರಿ, ಮಂಗಳೂರು, ಉಡುಪಿ, ಕಾರವಾರಗಳ ಮುಂದಿನಿಂದಲೇ ಹಾದು ಬಂತು. ಮೂಲ್ಕಿಯ ಕಡಲಿನ ಬಂಡೆಗಳಲ್ಲಿ ಸಿಕ್ಕಿಬಿದ್ದ ಟಗ್ ದೋಣಿಯ 9 ಮಂದಿಯನ್ನು ನೌಕಾಪಡೆ, ತಟರಕ್ಷಣಾ ಪಡೆಯವರು ಪಾರುಮಾಡಬೇಕಾಯಿತು. ನಮ್ಮ ಹಿರಿಯರು ಹೊಟ್ಟೆಪಾಡಿಗೆಂದು ಹಡಗು ಹತ್ತಿ ಬಂದ ಅದೇ ದಾರಿಯಲ್ಲಿ ಅದೂ ಬಂತು. ಎರಡು ದಿನ ಮೊದಲು ಇಲ್ಲಿಂದ ನಾವು “ಅಮ್ಮಾ, ಹೊರಗೆ ಹೋಗಬೇಡಿ” ಎಂದು ಊರಿಗೆ ಫೋನು ಮಾಡಿದೆವು. ಎರಡು ದಿನ ಕಳೆದು ಊರಿನವರು ನಮಗೆ ಅದನ್ನೇ ಹೇಳಿದರು.

ಮೇ 17ರಂದು ಅದು ಮುಂಬಯಿಯಿಂದ ನೂರು ಕಿಲೋಮೀಟರಿಗೂ ದೂರದಲ್ಲಿ ಕಡಲಲ್ಲೇ ಇತ್ತು, ದಡಕ್ಕೆ ಬಂದೂ ಇರಲಿಲ್ಲ. ಆದರೂ ಕೊಲಾಬಾದಲ್ಲಿ ಗಾಳಿ ಗಂಟೆಗೆ 100 ಕಿಲೋಮೀಟರು ಮೀರಿ ಬೀಸಿತು. ಸಾಂತಾಕ್ರೂಜದಲ್ಲಿ ಒಂದು ದಿನಕ್ಕೆ 200 ಮಿಲಿಮೀಟರಿಗೂ ಹೆಚ್ಚು ಮಳೆ, ಮೇ ತಿಂಗಳಲ್ಲಿ! ನಗರದಲ್ಲಿ ಸಾವಿರಾರು ಮರ, ಕೊಂಬೆಗಳು ಉರುಳಿದವು. ಆ ಕೊರೋನಾ ಕಾಲದಲ್ಲಿ ತಗಡಿನ ಮಾಡಿನ ದೊಡ್ಡ ಆರೈಕೆ ಕೇಂದ್ರಗಳಿದ್ದುವಲ್ಲ, ಅಲ್ಲಿಯ 580 ರೋಗಿಗಳನ್ನು ಬಿರುಗಾಳಿ ಬರುವ ಮೊದಲೇ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಎಚ್ಚರಿಕೆ ಕೇಳಿ, ತಿಳಿದು, ಅದರಂತೆ ನಡೆದದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಅದೇ ದಿನ, ಅದೇ ಬಿರುಗಾಳಿಯಲ್ಲಿ, ಮುಂಬಯಿಯ ಪಶ್ಚಿಮಕ್ಕಿರುವ ತೈಲದ ಬಾವಿಗಳ ಹತ್ತಿರ ಬೇರೊಂದು ನಡೆಯಿತು. ‘ಪಿ-305’ ಎಂಬ ಬಾರ್ಜಿನಲ್ಲಿ 261 ಜನರಿದ್ದರು. ಅದು ಯಂತ್ರದ ಬಲದಿಂದ ಓಡುವ ಹಡಗಲ್ಲ. ತೈಲವೇದಿಕೆಗಳ ಕೆಲಸಗಾರರು ಉಂಡು ಮಲಗುವ ತೇಲುವ ಬಿಡಾರ. ಎಚ್ಚರಿಕೆ ದಿನಗಳ ಮೊದಲೇ ಬಂದಿತ್ತು. ಎಷ್ಟೋ ಹಡಗು, ದೋಣಿಗಳು ಬಂದರು ಸೇರಿದವು. ಈ ಬಾರ್ಜು ಬಂದರಿಗೆ ಬರಲಿಲ್ಲ. ವೇದಿಕೆಯಿಂದ ಸ್ವಲ್ಪ ದೂರ ಸರಿದು ಲಂಗರು ಹಾಕಿ ನಿಂತಿತು. ಗಾಳಿಗೆ ಲಂಗರುಗಳು ಕಿತ್ತವು. ಬಾರ್ಜು ತೇಲಿಹೋಗಿ ಬಡಿದು ತೂತಾಯಿತು. 17ರ ಸಂಜೆ ಮುಳುಗಿತು. ನೌಕಾಪಡೆಯವರು ಆ ಕಡಲಿನಲ್ಲಿ ಪ್ರಾಣವನ್ನೇ ಪಣವಿಟ್ಟು 186 ಜನರನ್ನು ಎತ್ತಿದರು. ಜತೆಯಲ್ಲಿ ‘ವರಪ್ರದಾ’ ಎಂಬ ಟಗ್ ಕೂಡ ಮುಳುಗಿತು. ಅದರ 13 ಜನರಲ್ಲಿ ಇಬ್ಬರೇ ಉಳಿದರು. ಎರಡೂ ಸೇರಿ 86 ಜನ ಸತ್ತರು.

ತಪ್ಪು ಯಾರದೆಂದು ವಿಚಾರಿಸಲು ಸರಕಾರ ಸಮಿತಿಯನ್ನು ನೇಮಿಸಿತು. ಆ ನ್ಯಾಯವನ್ನು ಇಲ್ಲಿ ನಾನು ಮಾಡಹೊರಟಿಲ್ಲ. ನಾನು ಕೇಳುವುದು ಒಂದೇ: ಅಂಥ ಬಾರ್ಜಿನಲ್ಲಿ ಬೆಸುಗೆ ಹಾಕುವವನಿರುತ್ತಾನೆ, ಬಣ್ಣ ಬಳಿಯುವವನಿರುತ್ತಾನೆ, ನಮ್ಮ ಹಾಗೆ ಅಡುಗೆ ಮಾಡುವವನೂ ಇರುತ್ತಾನೆ. ಬಿರುಗಾಳಿ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಮೊಬೈಲಿನಲ್ಲಿ ಎಲ್ಲರಿಗೂ ಬಂದಿತ್ತು. ಆದರೆ “ನಾನು ದಡಕ್ಕೆ ಹೋಗುತ್ತೇನೆ” ಎಂದು ಹೇಳುವ ಅಧಿಕಾರ ಅವರಲ್ಲಿ ಯಾರಿಗಿತ್ತು? ಎಚ್ಚರಿಕೆ ಎಲ್ಲರದು, ತೀರ್ಮಾನ ಮಾತ್ರ ಬೇರೆಯವರದು. ಮೂರನೆಯ ಮೆಟ್ಟಿಲು ಎಂದೆನಲ್ಲ, ಅದು ಇದು.

ನಮ್ಮದು ಬಾರ್ಜಲ್ಲ, ಗಟ್ಟಿ ನೆಲದ ಮೇಲಿನ ಹೋಟೆಲು. ಆದರೆ ಪರಿಸ್ಥಿತಿ ತೀರ ಬೇರೆಯೇ? ಹಿರಿಯರಿಗೆ ನೆನಪಿದೆ, ಪರೇಲು ಲಾಲಬಾಗಗಳಲ್ಲಿ ಗಿರಣಿಯ ಭೊಂಗಾ ಕೂಗಿದರೆ ಜನ ಪಾಳಿಗೆ ಓಡುತ್ತಿದ್ದರು. 1982ರ ಮುಷ್ಕರದ ಬಳಿಕ ಒಂದೊಂದಾಗಿ ಆ ಭೊಂಗಾಗಳು ನಿಂತವು. ಗಿರಣಿಯ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದವು. ಕೆಲಸಕ್ಕೆ ಬಾ ಎಂದು ಕೂಗುವ ಭೊಂಗಾಕ್ಕೆ ಅಂದೂ ಕೊರತೆಯಿರಲಿಲ್ಲ, ಇಂದೂ ಇಲ್ಲ. ಅಪಾಯ ಬರುತ್ತಿದೆ, ಕೆಲಸ ಬಿಟ್ಟು ಹೋಗು ಎಂದು ಕೂಗುವ ಭೊಂಗಾ ಎಲ್ಲಿದೆ? ಕೆಂಪು ಎಚ್ಚರಿಕೆಯ ದಿನ ಕಚೇರಿಯವರಿಗೆ ಮನೆಯಿಂದಲೇ ಕೆಲಸ. ಶಾಲೆಗಳಿಗೆ ಸುಟ್ಟಿ. ಸಪ್ಲಾಯರನಿಗೆ, ಕ್ಲೀನರನಿಗೆ, ಭಟ್ಟರಿಗೆ ಸುಟ್ಟಿ ಎಂದರೆ ಪಗಾರಕ್ಕೆ ಕತ್ತರಿ. ಇಡ್ಲಿ ಮನೆಯಿಂದ ಬೇಯುವುದಿಲ್ಲವಲ್ಲ! ಕೆಲಸಕ್ಕೆ ಬಂದವನು ರಾತ್ರಿ ಲೋಕಲ್ ಗಾಡಿ ನಿಂತು ಸ್ಟೇಶನ್ನಿನಲ್ಲಿ ಉಳಿಯಬೇಕು, ಇಲ್ಲವೇ ನೀರಲ್ಲಿ ನಡೆಯಬೇಕು.

ನೀರಲ್ಲಿ ನಡೆಯುವುದು ಎಂಥದೆಂದು 2017ರ ಆಗಸ್ಟ್ 29ರಂದು ಕಂಡೆವು. ಎಲ್ಫಿನ್‌ಸ್ಟನ್ ರೋಡಿನ ಹತ್ತಿರ ಈ ನಗರದ ಹೆಸರಾಂತ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಿದ್ದಾಗ, ನೀರಿನಡಿ ತೆರೆದಿದ್ದ ಮೋರಿಯ ಬಾಯಿಗೆ ಬಿದ್ದು ತೀರಿಕೊಂಡರು. ಶವ ಸಿಕ್ಕಿದ್ದು ವರಳಿಯ ಕಡಲ ಬದಿಯಲ್ಲಿ. ಗಾಳಿ ಎಂಥದೆಂದು 2024ರ ಮೇ 13ರಂದು ಕಂಡೆವು. ಆ ದಿನ ಬಂದದ್ದು ಚಂಡಮಾರುತವೂ ಅಲ್ಲ, ಮಳೆಗೆ ಮುಂಚಿನ ಧೂಳುಗಾಳಿ. ಘಾಟ್ಕೋಪರಿನ ಪೆಟ್ರೋಲು ಪಂಪಿನ ಮೇಲೆ ದೈತ್ಯಾಕಾರದ ಜಾಹೀರಾತು ಫಲಕ ಕುಸಿದು 17 ಜನ ಸತ್ತರು. ಮಳೆ ಎಂಥದೆಂದು 2005ರ ಜುಲೈ 26ರಂದು ಕಂಡೆವು: ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರು, ಕೊಲಾಬಾದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಕೋಟೆಯಲ್ಲಿ ಕೆಲಸ ಮಾಡುವವನಿಗೆ ಕುರ್ಲಾದ ತನ್ನ ಖೋಲಿ ಮುಳುಗಿದ್ದು ಗೊತ್ತೇ ಆಗಲಿಲ್ಲ. ಗಾಳಿಸುದ್ದಿ ಎಂಥದೆಂದು ಎರಡು ದಿನ ಬಿಟ್ಟು ಕಂಡೆವು: ನೀರು ನುಗ್ಗುತ್ತಿದೆ ಎಂದು ಯಾರೋ ಹಬ್ಬಿಸಿದ ಸುಳ್ಳಿಗೆ ಜುಹೂವಿನ ನೆಹರೂ ನಗರದಲ್ಲಿ ಜನ ಬೆದರಿ ಓಡಿ, ಮಕ್ಕಳೂ ಸೇರಿ ಹಲವರು ತುಳಿತಕ್ಕೆ ಸಿಕ್ಕಿ ಸತ್ತರು.

ಆದ್ದರಿಂದ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ತಗಡಿನ ಮಾಡಿನ ಮೇಲೆ ಸಡಿಲ ಕಲ್ಲು, ಡಬ್ಬಿ ಇಡಬಾರದು. ಗಾಳಿಗೆ ಅವು ಗುಂಡಿನಂತೆ ಹಾರುತ್ತವೆ. ಮರದ ಕೆಳಗೆ, ಫಲಕದ ಕೆಳಗೆ, ಹಳೆಯ ಗೋಡೆಯ ಮಗ್ಗುಲಲ್ಲಿ ನಿಲ್ಲಬಾರದು. ಅಡುಗೆಮನೆಗೆ ನೀರು ಬರುವ ಲಕ್ಷಣ ಕಂಡರೆ ಮೊದಲು ವಿದ್ಯುತ್ತಿನ ಮೇನ್ ಆರಿಸಿ, ಆಮೇಲೆ ಗ್ಯಾಸಿನ ಕೊಕ್ಕೆ ಮುಚ್ಚಿ. ನೀರಲ್ಲಿ ನಿಂತು ಗ್ರೈಂಡರನ್ನು, ಫ್ರಿಜ್ಜನ್ನು ಮುಟ್ಟಬೇಡಿ. ನೀರು ಹೋಗಲೆಂದು ಮೋರಿಯ ಮುಚ್ಚಳ ತೆಗೆಯಬೇಡಿ. ಯಾರೋ ತೆಗೆದಿದ್ದರೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿ. ಕಾಲಿಗೆ ಗಾಯವಿದ್ದು ಆ ನೀರಲ್ಲಿ ನಡೆದಿದ್ದರೆ ಇಲಿಜ್ವರದ ಭಯವಿದೆ. ಜ್ವರ ಬರಲಿ ಎಂದು ಕಾಯದೆ ಪಾಲಿಕೆಯ ದವಾಖಾನೆಗೆ ಹೋಗಿ. ಪಾಲಿಕೆಯ ವಿಪತ್ತು ಕೇಂದ್ರದ ಫೋನು 1916. ಇದನ್ನು ಬಾಯಿಪಾಠ ಮಾಡಿ. ಹಳೆಯ ಚಾಳುಗಳಲ್ಲಿ ಇರುವವರು, ತಮ್ಮ ಕಟ್ಟಡ ಅಪಾಯದ ಪಟ್ಟಿಯಲ್ಲಿದೆಯೇ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿಕೊಳ್ಳಿ.

ಇಷ್ಟು ನಮ್ಮಿಂದಾಗುವುದು. ಒಬ್ಬೊಬ್ಬರಿಂದ ಆಗದ್ದನ್ನು ಸಂಘ ಮಾಡಬೇಕು. ಈ ಸಭೆಯ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ.

ಮೊದಲನೆಯದು, ಪ್ರತಿ ಹೋಟೆಲಿನಲ್ಲಿ ಓದು ಬಲ್ಲ ಒಬ್ಬನು ಹವಾಮಾನದ ಸುದ್ದಿಯನ್ನು ದಿನವೂ ನೋಡಿ, ಕನ್ನಡದಲ್ಲಿ ಕರೀಹಲಗೆಯ ಮೇಲೆ ಬರೆಯಬೇಕು. ಯಾರೋ ಕಳಿಸಿದ್ದನ್ನಲ್ಲ, ಇಲಾಖೆ ಹೇಳಿದ್ದನ್ನು.

ಎರಡನೆಯದು, ಕೆಂಪು ಎಚ್ಚರಿಕೆಯ ದಿನ ಗಾಡಿ ನಿಲ್ಲುವ ಮುಂಚೆ ದೂರದ ಉಪನಗರಗಳವರನ್ನು ಬಿಡಬೇಕು. ಆ ತಾಸುಗಳ ಪಗಾರ ಕಡಿಯಬಾರದು. ಈ ಕುರಿತು ಧಣಿಗಳೊಡನೆ ಸಂಘ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು. ಬಿರುಗಾಳಿಯ ದಿನ ಜಗಳವಾಡಲು ಪುರಸೊತ್ತು ಇರುವುದಿಲ್ಲ. ಧಣಿಗಳಲ್ಲಿ ಅನೇಕರು ನಮ್ಮೂರ ಕಡೆಯವರೇ, ಒಂದು ಕಾಲಕ್ಕೆ ಟೇಬಲ್ ಒರೆಸಿ ಮೇಲೆ ಬಂದವರೂ ಇದ್ದಾರೆ. ನ್ಯಾಯವಾಗಿ ಕೇಳಿದರೆ ಕೇಳುವವರು ಇದ್ದಾರೆ. ಕೇಳದವರ ಬಳಿಗೆ ಒಬ್ಬನೇ ಹೋಗದೆ ಎಲ್ಲರೂ ಕೂಡಿ ಹೋಗಬೇಕು.

ಮೂರನೆಯದು, ತಗ್ಗಿನ ಹೋಟೆಲುಗಳಲ್ಲೇ ಮಲಗುವ ಹುಡುಗರಿಗೆ ಆ ರಾತ್ರಿ ಎತ್ತರದ ಜಾಗ ಬೇಕು. ನಮ್ಮ ಸಂಘದ ಕೋಣೆಯ ಬಾಗಿಲು ಆ ದಿನ ತೆರೆದಿರಲಿ. 2005ರಲ್ಲಿ ಈ ನಗರದ ಜನ ಗುರುತುಪರಿಚಯವಿಲ್ಲದವರನ್ನು ಮನೆಯೊಳಗೆ ಕರೆದು ಚಹ ಕೊಟ್ಟು ಕೂರಿಸಿದರು. ಗುರುತಿದ್ದವರಿಗೆ ನಾವು ಅಷ್ಟು ಮಾಡಬಾರದೇ?

ನಾಲ್ಕನೆಯದು, ಹೆಸರಿನ ಪಟ್ಟಿ. ಯಾರು ಎಲ್ಲಿ ಕೆಲಸ ಮಾಡುತ್ತಾನೆ, ಎಲ್ಲಿ ಮಲಗುತ್ತಾನೆ, ಊರಿನ ಫೋನು ಯಾವುದು ಎಂಬ ಪುಸ್ತಕವೊಂದು ಸಂಘದಲ್ಲಿರಬೇಕು. ಬಿರುಗಾಳಿ ಕಳೆದ ಮರುದಿನ ಒಬ್ಬೊಬ್ಬರನ್ನೂ ಕೂಗಿ ವಿಚಾರಿಸಬೇಕು. ಉತ್ತರ ಬಾರದವನನ್ನು ಅಂದೇ ಹುಡುಕಬೇಕು. ಊರಿನಲ್ಲಿ ಫೋನು ಹಿಡಿದು ಕುಳಿತ ತಾಯಿಗೆ ಸುದ್ದಿ ಮುಟ್ಟಿಸುವ ಹೊಣೆ ನಮ್ಮದು.

ಗಾಳಿಯನ್ನು ತಡೆಯುವ ಶಕ್ತಿ ಯಾವ ಸಂಘಕ್ಕೂ ಇಲ್ಲ. ಆದರೆ ಗಾಳಿ ಬರುತ್ತದೆಂದು ಗೊತ್ತಿದ್ದೂ ಪಗಾರದ ಭಯಕ್ಕೆ ಅಪಾಯದಲ್ಲಿ ನಿಲ್ಲುವ ಅವಸ್ಥೆಯನ್ನು ತಪ್ಪಿಸಬಹುದು. ಈ ನಾಲ್ಕು ಸೂಚನೆಗಳ ಮೇಲೆ ಇಂದೇ ಚರ್ಚೆಯಾಗಲಿ. ತಪ್ಪು ಕಂಡರೆ ತಿದ್ದಿ, ಒಪ್ಪಿಗೆಯಾದರೆ ಠರಾವು ಮಾಡಿ. ಪುಸ್ತಕ ತಂದಿದ್ದೇನೆ, ಹೊರಡುವ ಮುಂಚೆ ಎಲ್ಲರೂ ಅದರಲ್ಲಿ ತಮ್ಮ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.